ಅರಕೇರಾದ ಬೇವಿಗೆ ಕಟ್ಟಿದ ಜೋಲಿ

ಮಾಲು ನೋಡಿದ ಕೂಡಲೇ ಅದರ ಹಣೆಬರಹ ಹೇಳುವುದು ರಾಯಚೂರಿನ ಗಂಜ್ ಮಾರುಕಟ್ಟೆಯ ಹಗ್ಗ-ತಾಡಪತ್ರಿ ವ್ಯಾಪಾರಿ ಜಗದೀಶನ ಕಸುಬು. ಅದೇ ಕಣ್ಣಿನಿಂದ ಅವನು ತನ್ನ ಹೆಂಡತಿ ಅನ್ನಪೂರ್ಣಳನ್ನೂ ಅಳೆದಿಟ್ಟಿದ್ದ. ಎಳೆ ಗಟ್ಟಿ, ನೇಯ್ಗೆ ಒತ್ತು. ಬಿಸಿಲಿಗೆ ಬಣ್ಣ ಬಿಡುವುದಿಲ್ಲ, ಮಳೆಗೆ ಸೋರುವುದಿಲ್ಲ. ದೇವದುರ್ಗದ ಕಡೆಯ ಅರಕೇರಾದ ಮಾಲು. ಕೊಡುವಾಗ ತವರಿನವರು ಯಾವ ತೂತನ್ನೂ ಮುಚ್ಚಿಟ್ಟಿರಲಿಲ್ಲ. ಕೊರತೆ ಎನ್ನುವುದಿದ್ದರೆ ಒಂದೇ, ಮಡಚಿ ಮೂಲೆಗಿಟ್ಟರೆ ಇಟ್ಟಲ್ಲೇ ಇರುವುದಿಲ್ಲ. (ವಾಪಸು ತೆಗೆದುಕೊಳ್ಳುವ ಪದ್ಧತಿ ತವರಿನಲ್ಲಿಲ್ಲ. ಮದುವೆಯಾದ ಹೊಸತರಲ್ಲಿ ಜಗದೀಶ ಒಮ್ಮೆ ನಗುನಗುತ್ತ ವಿಚಾರಿಸಿದ್ದ, ಮಾವ ನಕ್ಕಿರಲಿಲ್ಲ.)

ಜಗದೀಶನಿಗೆ ಲೋಕದಲ್ಲಿ ಎಲ್ಲಕ್ಕಿಂತ ಪ್ರೀತಿಯ ಆಸ್ತಿ ಎಂದರೆ ಹೆಸರು. ಅವನಿಗೆ ಯಾರೂ ಟೋಪಿ ಹಾಕಲಾರರು ಎಂಬ ಹೆಸರು. ಗಂಜಿನಲ್ಲಿ ಇದನ್ನು ಅರ್ಧ ಜನ ಒಪ್ಪುತ್ತಿದ್ದರು, ಅರಕೇರಾದಲ್ಲಿ ಪೂರ್ತಿ ಊರೇ ಒಪ್ಪುತ್ತಿತ್ತು. ಅತ್ತೆ ಹಣಮಮ್ಮನಂತೂ ಎಮ್ಮೆ ಕೊಳ್ಳುವುದಿದ್ದರೂ ಅದರ ಫೋಟೋ ತೆಗೆಸಿ ಅಳಿಯನಿಗೆ ಕಳಿಸುವಳು. ಹಗ್ಗ ಮಾರುವವನಿಗೆ ಎಮ್ಮೆಯ ವಿಷಯ ಏನು ತಿಳಿದೀತು ಎಂದು ಯಾರೂ ಕೇಳುತ್ತಿರಲಿಲ್ಲ. ಜಗದೀಶನೂ ಕೇಳಿಕೊಳ್ಳುತ್ತಿರಲಿಲ್ಲ, ಫೋಟೋ ದೊಡ್ಡದು ಮಾಡಿ ನೋಡಿ, "ಹಿಂದಗಡೆ ಸ್ವಲ್ಪ ಸಡಿಲ ಅದ" ಎಂದು ತೀರ್ಪು ಕೊಡುತ್ತಿದ್ದ.

ಇಂಥ ಮನುಷ್ಯನ ಅಂಗಡಿಗೆ ಹೋದ ಬೇಸಿಗೆಯಲ್ಲಿ ಹೈದರಾಬಾದಿನ ಏಜೆಂಟನೊಬ್ಬ ಬಂದು, ಚಹಾ ಕುಡಿದು, ಒಂದು ದೊಡ್ಡ ಗಂಟು ಜೋಲಿ ಇಳಿಸಿ ಹೋದ. ನಗರದ ಜನ ಕಾಡಿಗೆ ಹೋಗಿ ಎರಡು ಮರಗಳ ನಡುವೆ ಕಟ್ಟಿಕೊಂಡು ಮಲಗುವ, ಪ್ಯಾರಾಶೂಟ್ ಬಟ್ಟೆಯ ಜೋಲಿ. ಅದರ ಪೂರ್ಣ ನಾಮಧೇಯ ಹ್ಯಾಮಕ್. "ಇದು ಮಲಗೋ ಸಾಮಾನಲ್ಲ ಸೇಠ್, ಲೈಫ್‌ಸ್ಟೈಲ್" ಎಂದಿದ್ದ ಏಜೆಂಟ್. ಆದರೆ ರಾಯಚೂರಿನವರು ಬೇಸಿಗೆ ಬಂತೆಂದರೆ ಹೇಗೂ ಮಾಳಿಗೆ ಮೇಲೋ ಗಿಡದ ಬುಡದಲ್ಲೋ ಮಲಗುವವರು. ಅದಕ್ಕೆ ಸಾಮಾನು ಬೇಕೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಇಡೀ ಬೇಸಿಗೆಯಲ್ಲಿ ಒಂದು ಜೋಲಿ ಒಯ್ದವನು ಮಾನ್ವಿಯ ಜಿಲಾನಿ ಪಾಷಾ. ಹದಿನೈದು ದಿನ ಬಿಟ್ಟು ಅವನೇ ಹುಡುಕಿಕೊಂಡು ಬಂದು ಹೊಗಳಿ ಹೋದ: "ಭಾರಿ ಮಜಬೂತ್ ಅದ ಬಿಡ್ರಿ ಸೇಠ್. ಒಂದು ಗಾಡಿ ಮೇವು ಹಿಡೀತದ."

ಅದೇ ಹೊತ್ತಿಗೆ ಮನೆಯಲ್ಲಿ ಬೇರೊಂದು ಬಿಸಿ ಎದ್ದಿತ್ತು. ಓಣಿಯ ರಾಧಾ ತನ್ನ ಗೆಳತಿಯರೊಡನೆ ಊಟಿಗೆ ಹೋಗಿ ಬಂದು, ಅಲ್ಲಿನ ಚಳಿಯನ್ನು ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಹಂಚುತ್ತಿದ್ದಳು. ರೊಟ್ಟಿ ಬಡಿಯುತ್ತ ಅನ್ನಪೂರ್ಣ ಕೇಳಿದಳು: "ನೀವು ನನ್ನ ಎಲ್ಲಿಗರ ಕರಕೊಂಡು ಹೋಗೋರು ಅದೀರೋ, ಇಲ್ಲಾ ಹಗ್ಗ ಎಣಿಸ್ಕೋತ ಕುಂದ್ರೋರೋ?"

ಜಗದೀಶನ ತಲೆಯಲ್ಲಿ ಜ್ಞಾನೋದಯವಾಯಿತು. ಹೆಂಡತಿಗೆ ಪ್ರವಾಸ, ಜೋಲಿಗೆ ಜಾಹೀರಾತು. ಇಬ್ಬರೂ ಮರದ ಕೆಳಗೆ ತೂಗಾಡುವ ಫೋಟೋ ವಾಟ್ಸಾಪಿಗೆ ಹಾಕಿದರೆ ಗಂಟು ತಾನಾಗಿ ಕರಗೀತು.

"ಹೋಗೂಣು," ಎಂದ ಗಂಭೀರವಾಗಿ. "ಕ್ಯಾಂಪಿಂಗ್ ಹೋಗೂಣು."

"ಅದೆಲ್ಲಿ ಬರ್ತದರಿ? ಊಟಿ ಹಂತ್ಯಾಕೇನು?"

"ಅರಕೇರಾದಾಗ. ನಿಮ್ಮ ತಮ್ಮ ದುರುಗೇಶನ ಹೊಲದಾಗ."

ರೊಟ್ಟಿ ಬಡಿಯುವ ಕೈ ನಿಂತಿತು. "ಮದುವಿ ಆಗೂ ತನಕ ಅದಽ ಹೊಲದಾಗ ಹತ್ತಿ ಬಿಡಿಸೀನಿ ನಾನು. ಕ್ಯಾಂಪಿಂಗ್ ಮಾಡಾಕತ್ತೀನಿ ಅಂತ ಯಾರೂ ಹೇಳಲೇ ಇಲ್ಲ ನೋಡ್ರಿ."

"ಹತ್ತಿ ಬಿಡಸಾಕಲ್ಲಾ, ಜೋಲ್ಯಾಗ ಮಲಗಾಕ!"

"ಜೋಲ್ಯಾಗ ಮಲಗಾಕ ನಾನೇನು ಎಳಿ ಕೂಸೇನ್ರಿ?"

ಒಂದು ವಾರದ ಮಾತುಕತೆಯ ನಂತರ ಒಪ್ಪಂದವಾಯಿತು. ಷರತ್ತು ಅನ್ನಪೂರ್ಣಳದು. "ಬರ್ತೀನಿ. ಸುಖ ಆತಂದ್ರ ಆತು. ಆಗಲಿಲ್ಲಾ, ಹೈದರಾಬಾದಿನವ ನಿಮಗ ಈ ಗಂಟು ಹೆಂಗ ಕಟ್ಟಿ ಹೋದ ಅಂತ ನಮ್ಮವ್ವಗ ಕುಂದ್ರಿಸಿಕೊಂಡು ಹೇಳ್ತೀನಿ."

ಜಗದೀಶ ಮುರಿದ ರೊಟ್ಟಿಯನ್ನು ತಟ್ಟೆಗಿಟ್ಟ. ಹೆಸರೆಂಬ ಆಸ್ತಿಗೇ ಕೈ ಹಾಕಿದ್ದಳು.

ಜಾಗ ನೋಡಿ ಬರಲು ಒಂದು ಭಾನುವಾರ ಅವನೊಬ್ಬನೇ ಕಾರಿನಲ್ಲಿ ಹೋದ. ಅತ್ತೆಯ ಮನೆಯವರು ದೇವದುರ್ಗಕ್ಕೆ ಮದುವೆಗೆ ಹೋಗಿದ್ದರು, ಹೊಲ ಖಾಲಿ. ಬದುವಿನ ಮೇಲೆ ಎರಡು ದೊಡ್ಡ ಬೇವಿನ ಮರ. ದೇವರೇ ಟೇಪು ಹಿಡಿದು ನೆಟ್ಟಂತೆ ಜೋಲಿಗೆ ತಕ್ಕ ಅಂತರ. ಸುತ್ತ ಬೇರೆ ಯಾವ ಮರವೂ ಇಲ್ಲ, ಬರೀ ಜಾಲಿಯ ಮುಳ್ಳುಕಂಟಿ. ಒಂದು ಬೇವು ಹಸಿರಾಗಿ ತುಂಬಿಕೊಂಡಿತ್ತು, ಇನ್ನೊಂದು ಬೋಳು. ಬೋಳಾದದ್ದೇ ಒಳ್ಳೆಯದಾಯಿತು, ಹಕ್ಕಿ ಕೂರುವುದಿಲ್ಲ, ಮೇಲಿಂದ ಏನೂ ಬೀಳುವುದಿಲ್ಲ ಎಂದು ಜಗದೀಶ ಲೆಕ್ಕ ಹಾಕಿದ. ಜೋಲಿಯ ಹಗ್ಗ ಜಗ್ಗಿ ನೋಡಿದ. ಕಬ್ಬಿಣದ ಕೊಂಡಿ ಕಲ್ಲಿಗೆ ಬಡಿದು ನೋಡಿದ. ಬಟ್ಟೆ ಬಿಸಿಲಿಗೆ ಹಿಡಿದು ಎಳೆ ಎಣಿಸಿದ. ಮರವನ್ನು ಮಾತ್ರ ನೋಡಲಿಲ್ಲ. ಅದು ಅವನ ಅಂಗಡಿಯ ಮಾಲಲ್ಲ.

ತೊಂದರೆ ಒಂದೇ ಇತ್ತು. ಮರದ ಬುಡದಲ್ಲಿ ಯಾರದೋ ಎಮ್ಮೆ ಕಟ್ಟಿದ ಗೂಟ, ಸೆಗಣಿ, ಇಸ್ಪೀಟಿನ ಹರಕು ಎಲೆ. ರಸ್ತೆಯಲ್ಲಿ ಬೈಕು ನಿಲ್ಲಿಸಿ ಇಳಿದು ಬಂದು ನಿಂತು ಮುಗಿಸುವ ಕೆಲಸದ ವಾಸನೆ ಬೇರೆ. ಗಂಜಿನಲ್ಲಿ ಅವನ ಅಂಗಡಿಯ ಪಕ್ಕದ ಗೋಡೆಗೂ ಇದೇ ರೋಗವಿತ್ತು. ಬೈದು ಬರೆಸಿದ, ದಂಡ ಹಾಕುವೆ ಎಂದು ಬರೆಸಿದ, ನಡೆಯಲಿಲ್ಲ. ಕೊನೆಗೆ ದೇವರ ಚಿತ್ರದ ನಾಲ್ಕು ಟೈಲ್ಸು ಅಂಟಿಸಿದ ಮೇಲೆ ಜನ ಅಲ್ಲಿ ಚಪ್ಪಲಿ ಬಿಟ್ಟು ದಾಟತೊಡಗಿದರು. ಸಂಬಳ ಕೇಳದ ಕಾವಲುಗಾರ! ಅದೇ ಉಪಾಯ ಇಲ್ಲೂ. ಕಾರಿನಲ್ಲಿ ಅಂಗಡಿ ಪೂಜೆಯ ಕುಂಕುಮದ ಪೊಟ್ಟಣವಿತ್ತು. ಬೋಳು ಬೇವಿನ ತೊಗಟೆ ಅಲ್ಲಲ್ಲಿ ಉದುರಿದ್ದರಿಂದ ಬಣ್ಣ ಚೆನ್ನಾಗಿ ಹತ್ತಿತು. ಬುಡಕ್ಕೆ ಮೂರು ಕಲ್ಲು ನಿಲ್ಲಿಸಿ ಅವಕ್ಕೂ ಬಳಿದ. ಅರಿಶಿನ ದಾರ ಇರಲಿಲ್ಲ, ಡಿಕ್ಕಿಯಲ್ಲಿದ್ದ ಹಳದಿ ನೈಲಾನ್ ಸುತಳಿಯನ್ನೇ ಮೂರು ಸುತ್ತು ಸುತ್ತಿದ. ದೂರ ನಿಂತು ನೋಡಿದಾಗ ತನಗೇ ಕೈ ಮುಗಿಯುವ ಹಾಗಾಯಿತು.

ಮೂರು ವಾರದ ನಂತರ, ಒಂದು ಭಾನುವಾರ ಮಧ್ಯಾಹ್ನ, ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು ಕ್ಯಾಂಪಿಗೆ ಇಳಿದರು. ಜಗದೀಶ ಹೊಸ ಟ್ರ್ಯಾಕ್ ಪ್ಯಾಂಟು ಹಾಕಿದ್ದ.

ಬದು ಗುರುತೇ ಸಿಗಲಿಲ್ಲ. ಎಮ್ಮೆ ಇಲ್ಲ, ಇಸ್ಪೀಟಿಲ್ಲ. ನೆಲ ಗುಡಿಸಿ, ಸಾರಿಸಿ, ರಂಗೋಲಿ ಹಾಕಿತ್ತು. ಬೋಳು ಬೇವು ಹಸಿರು ಸೀರೆ ಉಟ್ಟಿತ್ತು. ಟೊಂಗೆಯಿಂದ ಟೊಂಗೆಗೆ ನಿಂಬೆಹಣ್ಣಿನ ಸರ, ಬುಡದಲ್ಲಿ ತೆಂಗಿನ ಚಿಪ್ಪಿನ ರಾಶಿ. ಊರಿನ ಹೆಂಗಸರು ಸಾಲಾಗಿ ಕೂತಿದ್ದರು. ಅವರ ಮುಂದೆ ಪೊರಕೆ ಹಿಡಿದು ಯಮನಮ್ಮ ಎಂಬ ಮುದುಕಿ, ಯಾರೂ ನೇಮಿಸದಿದ್ದರೂ ಅಧಿಕಾರ ವಹಿಸಿಕೊಂಡು, ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದಳು.

ದುರುಗೇಶ ಓಡಿ ಬಂದ. "ಮಾಮಾ! ಛಲೋ ದಿನಾನೇ ಬಂದ್ರಿ. ನಮ್ಮ ಹೊಲದಾಗ ಅಮ್ಮ ಮೂಡ್ಯಾಳ!"

"ಯಾವ ಅಮ್ಮ?"

"ಬೇವಿನಮ್ಮ. ತಾನಾಗೇ ಬಂದಾಳ ಮಾಮಾ! ಈ ಒಣಗಿಡ ಕಡೀಬೇಕಂತ ಮಾಡಿದ್ದೆ ನೋಡ್ರಿ. ಒಳಗೆಲ್ಲ ಒರಲಿ ತಿಂದು ಪೊಳ್ಳಾಗ್ಯದ, ಯಾವಾಗ ಬೀಳ್ತದೋ ಹೇಳಾಕ ಬರಂಗಿಲ್ಲ. ಕೊಡ್ಲಿಯವಗ ಬಾ ಅಂತ ಹೇಳಿ ಮದುವಿಗೆ ಹೋಗಿದ್ವಿ. ಮರುದಿನ ಅವ ಬಂದು ಕೊಡ್ಲಿ ಎತ್ತತಾನ, ಎದುರಿಗೆ ಅಮ್ಮ! ಕೊಡ್ಲಿ ಒಗದು ಅಲ್ಲೇ ಅಡ್ಡ ಬಿದ್ದಾ. ಇನ್ನ ಈ ಗಿಡ ಮುಟ್ಟೋರು ಯಾರು?"

ಜಗದೀಶ ತಲೆಯೆತ್ತಿ ಮರವನ್ನು ನೋಡಿದ. ನಿಜವಾಗಿ ನೋಡಿದ್ದು ಅದೇ ಮೊದಲು. ಬೇರಿನಿಂದ ಗೆದ್ದಲಿನ ಮಣ್ಣಿನ ಗೆರೆ ಏರಿತ್ತು. ಬೊಡ್ಡೆಯಲ್ಲಿ ಕೈ ತೂರುವಷ್ಟು ಪೊಟರೆ. ಎಂದೋ ಬೀಳಬೇಕಾದ ಮರ ಅವನ ಕುಂಕುಮದ ಬಲದಿಂದ ನಿಂತಿತ್ತು.

ಅನ್ನಪೂರ್ಣ ಭಕ್ತಿಯಿಂದ ಮರಕ್ಕೆ ಒಂದು ಸುತ್ತು ಬಂದಳು. ಹಳದಿ ದಾರವನ್ನು ಕಣ್ಣಿಗೊತ್ತಿಕೊಳ್ಳಲು ಹಿಡಿದವಳು ಎರಡು ಬೆರಳ ನಡುವೆ ಉಜ್ಜಿದಳು, ಗಂಡನ ಕಡೆ ನೋಡಿದಳು, ಬಂದು ಮಗ್ಗುಲಲ್ಲಿ ನಿಂತು ಮೆಲ್ಲಗೆ ಹೇಳಿದಳು: "ಅಮ್ಮಗ ನೈಲಾನ್ ಸುತಳಿ ಭಾಳ ಪಸಂದ್ ಬಂದದ ನೋಡ್ರಿ. ಅದೂ ನಮ್ಮ ಅಂಗಡೀದು."

"ಮೆತ್ತಗ ಮಾತಾಡು ಮಾರಾಯ್ತಿ... ಹೋಗಿಬಿಡೂಣು ನಡಿ. ಇನ್ನೊಮ್ಮಿ ಬರೂಣು."

"ಯಾಕ? ಸುಖಪಡಾಕ ಬಂದೀವಿ. ಇಲ್ಲಾಂದ್ರ ನಮ್ಮವ್ವ ಅಲ್ಲೇ ಕುಂತಾಳ, ಮಾತಾಡಿ ಬರ್ತೀನಿ."

ಜಗದೀಶ ತೆಪ್ಪಗೆ ಜೋಲಿ ಬಿಚ್ಚಿದ. ಹಸಿರು ಬೇವಿಗೆ ಒಂದು ತುದಿ ಕಟ್ಟಿದ. ಒಂದು ಫೋಟೋ, ಒಂದೇ ಒಂದು ಫೋಟೋ ತೆಗೆದು ಇಳಿದುಬಿಡುವುದು ಎಂದುಕೊಂಡು ಇನ್ನೊಂದು ತುದಿ ಹಿಡಿದು ಬೋಳು ಬೇವಿನತ್ತ ಬಂದ. ಯಮನಮ್ಮ ಪೊರಕೆ ಅಡ್ಡ ಹಿಡಿದಳು.

"ಏ ಯಪ್ಪಾ, ಅಮ್ಮನ ಕೊಳ್ಳಿಗೆ ಹಗ್ಗ ಬಿಗೀತಿಯೇನು?"

ಹೆಂಗಸರೆಲ್ಲ ತಿರುಗಿದರು. ಹಣಮಮ್ಮನೂ ತಿರುಗಿದಳು. ಜಗದೀಶನ ವ್ಯಾಪಾರಿ ನಾಲಿಗೆ ಇಂಥ ಹೊತ್ತಿನಲ್ಲಿ ತಲೆಯನ್ನು ಕೇಳದೆ ಓಡುತ್ತದೆ. "ಹಗ್ಗಲ್ಲ ಯವ್ವಾ. ಹರಕಿ! ಹರಕಿ ಅದ ನಮ್ಮದು."

ಆ ಸೀಮೆಯಲ್ಲಿ ದೇವಿಯ ಮರಕ್ಕೆ ಹರಕೆಗೆಂದು ತೂಗುಹಾಕುವುದು ಒಂದೇ ವಸ್ತು. ಮಕ್ಕಳಿಲ್ಲದವರು ಅಂಗೈಯಷ್ಟು ತೊಟ್ಟಿಲು ಮಾಡಿ ಟೊಂಗೆಗೆ ಕಟ್ಟುತ್ತಾರೆ. ಹೆಂಗಸರ ಕಣ್ಣು ಜೋಲಿಯ ಉದ್ದಕ್ಕೂ ಹರಿದು, ಆ ತುದಿ ಮುಟ್ಟಿ, ಅಲ್ಲಿಂದ ಅನ್ನಪೂರ್ಣಳ ಮೇಲೆ ಬಂದು ನಿಂತಿತು. ಅವಳ ಮಗಳಿಗೇ ಆಗಲೇ ಇಬ್ಬರು ಮಕ್ಕಳು.

"ಯವ್ವಾ ಅನ್ನಪೂರ್ಣಾ," ಹಣಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, "ಈ ವಯಸ್ಸಿನ್ಯಾಗ?"

"ಅಲ್ಲಬೇ, ಇಷ್ಟುದ್ದ ತೊಟ್ಲ!" ಹಿಂದಿನ ಸಾಲಿನಿಂದ ಒಬ್ಬಳು. "ಎಷ್ಟು ಮಂದಿ ಬೇಡ್ಯಾರಂತ?"

ಅನ್ನಪೂರ್ಣಳ ಮುಖ ಅಮ್ಮನ ಕುಂಕುಮದ ಬಣ್ಣಕ್ಕೆ ತಿರುಗಿತು. ಗಂಡನ ಕಿವಿಯ ಹತ್ತಿರ ಬಂದು, "ಮನಿಗೆ ನಡೀರಿ ನೀವು" ಎಂದಷ್ಟೇ ಹೇಳಿದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅಷ್ಟು ಚಿಕ್ಕ ವಾಕ್ಯಕ್ಕೆ ಅವನು ಎಂದೂ ಅಷ್ಟು ಹೆದರಿರಲಿಲ್ಲ.

ಯಮನಮ್ಮ ಮಾತ್ರ ಕರಗಿ ನೀರಾದಳು. ತಾನೇ ನಿಂತು ಸೀರೆ ಸರಿಸಿ, ಪೊಟರೆಯ ಮೇಲೆ ಹಗ್ಗ ಬಿಗಿಸಿದಳು. ಆಮೇಲೆ ಆಗಿಂದಾಗ ಒಂದು ಕಾನೂನು ಮಾಡಿದಳು. "ಹರಕಿ ಹೊತ್ತಾವನೇ ಕೂಸಾಗಿ ತೊಟ್ಲದಾಗ ಮಲಗಬೇಕು. ಈ ದೀಪ ಆರೂ ತನಕ ಇಳೀಬಾರದು." ಹೇಳಿ, ಹಣತೆಗೆ ತುಳುಕುವಂತೆ ಎಣ್ಣೆ ಹೊಯ್ದಳು.

ಜಗದೀಶ ಏರಿದ. ಹೆಂಗಸರು ಜೋಗುಳ ಎತ್ತಿದರು. ದುರುಗೇಶ ಭಕ್ತಿಯಿಂದ ತೂಗತೊಡಗಿದ.

"ತೂಗಬ್ಯಾಡೋ ತಮ್ಮಾ..."

"ತೂಗದಿದ್ರ ಹೆಂಗ ಮಾಮಾ? ಹರಕಿ ಮುಟ್ಟಬೇಕಲ್ಲ!"

ಪ್ರತಿ ತೂಗಿಗೂ ಬೋಳು ಬೇವು ಕರ್ ಎಂದಿತು. ಪೊಟರೆಯಿಂದ ಕಂದು ಬಣ್ಣದ ಹಿಟ್ಟು ಸೋರಿ ಅವನ ಎದೆಯ ಮೇಲೆ, ಮೀಸೆಯ ಮೇಲೆ, ತೆರೆದ ಬಾಯಲ್ಲಿ ಬಿತ್ತು. "ಅಮ್ಮ ಭಂಡಾರ ಉದುರಸಾಕತ್ತಾಳ!" ಎಂದು ಹೆಂಗಸರು ಕೈ ಮುಗಿದರು. ಅದು ದೇವಿಯ ಅರಿಶಿನವಲ್ಲ, ಮರದ ಹೊಟ್ಟೆಯೊಳಗಿನ ಹುಡಿ ಎಂದು ಜಗದೀಶನ ನಾಲಿಗೆಗೆ ಗೊತ್ತಾಯಿತು. ಈಗ ಅವನಿಗೆ ಕ್ಯಾಂಪಿಂಗ್ ಶಾಸ್ತ್ರ ಪೂರ್ತಿ ಅರ್ಥವಾಗಿತ್ತು. ಹಗ್ಗ ಹರಿಯುವುದಿಲ್ಲ, ಅವನೇ ಆರಿಸಿದ ಹಗ್ಗ. ಕೊಂಡಿ ಬಿಚ್ಚುವುದಿಲ್ಲ. ಬಟ್ಟೆ ಸೀಳುವುದಿಲ್ಲ. ಆದ್ದರಿಂದ ಬರುವುದಿದ್ದರೆ ಮರವೇ ಬರಬೇಕು, ಮತ್ತು ಹಗ್ಗ ಯಾವ ಕಡೆಗೆ ಜಗ್ಗುತ್ತದೋ ಆ ಕಡೆಗೇ, ಅಂದರೆ ನೇರವಾಗಿ ಅವನ ಹೊಟ್ಟೆಯ ಮೇಲೆ.

ಎದ್ದು ನಿಂತು, "ಕುಂಕುಮ ಬಳಿದವ ನಾನು, ಇದು ಅಮ್ಮ ಅಲ್ಲ" ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಮೂರು ವಾರ ಕಾಯಿ ಒಡೆದ ಇಷ್ಟು ಜನಕ್ಕೆ ಟೋಪಿ ಹಾಕಿದವನು ಅರಕೇರಾದಲ್ಲಿ ಮತ್ತೆ ಮುಖ ಹೇಗೆ ತೋರಿಸಬೇಕು? ಹಣಮಮ್ಮ ಇನ್ನು ಯಾವ ಎಮ್ಮೆಯ ಫೋಟೋ ಕಳಿಸಿಯಾಳು? ತಕ್ಕಡಿಯ ಒಂದು ಪರಡಿಯಲ್ಲಿ ಜೀವ, ಇನ್ನೊಂದರಲ್ಲಿ ಹೆಸರು. ಹೇಳಲು ನಾಚಿಕೆಯಾಗಬೇಕು, ಆದರೆ ತಕ್ಕಡಿ ಬಹಳ ಹೊತ್ತು ಅತ್ತಿತ್ತ ಆಡಿತು.

ಅವನು ಹೆಂಡತಿಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಹಗ್ಗ ಕೂತಲ್ಲಿ ಮರ ಬಾಯಿ ಬಿಡುತ್ತಿರುವುದನ್ನು ನೋಡುತ್ತಿದ್ದಳು. ಸಿಟ್ಟು ಇಳಿದು ಹೋಗಿತ್ತು.

"ಇಳೀರಿ," ಎಂದಳು.

"ದೀಪ ಇನ್ನಾ ಉರಿಯಾಕತ್ತದ," ಎಂದಳು ಯಮನಮ್ಮ.

"ಯವ್ವಾ, ಗಿಡ ಬೀಳ್ತದ! ಇಳೀಲಿ ಬಿಡ್ರಿ!"

"ಅಮ್ಮ ಬೀಳ್ತಾಳೇನು? ಏನು ಮಾತಂತ ಆಡ್ತಿ ನೀನು!"

ಜಗದೀಶ ಬಾಯಿ ತೆರೆದ. ಹೇಳಿಯೇ ಬಿಡುತ್ತಿದ್ದನೋ ಏನೋ. ಅಷ್ಟರಲ್ಲಿ ಅನ್ನಪೂರ್ಣ ತುರುಬು ಬಿಚ್ಚಿ ಕೊಡವಿದಳು. ಬೆನ್ನು ಬಿಲ್ಲಾಯಿತು. ಹೊಲದಾಚೆಯ ಕಾಲುವೆಗೂ ಕೇಳುವಂಥ ಒಂದು ಹೂಂಕಾರ ಬಂತು.

"ಯಾರಲೇ ಅವಾ! ನನ್ನ ಕೊಳ್ಳಾಗ ನೇತಾಡಾಕತ್ತಾವಾ!"

ಜೋಗುಳ ನಿಂತಿತು. ದುರುಗೇಶ ಜೋಲಿ ಬಿಟ್ಟು ಹಿಂದೆ ಹಾರಿದ. "ಅಮ್ಮ! ಅಕ್ಕನ ಮೈಮ್ಯಾಲೆ ಅಮ್ಮ ಬಂದಾಳ!"

"ಇಳಿಯಲೇ! ಮೂಳಾ! ಕೂಸಾಗಿ ಮಲಗ್ಯಾನಂತ ಕೂಸಾಗಿ! ಹೊಟ್ಟಿ ನೋಡು ಇವಂದು!"

ಗಂಡನಿಗೆ ಅವಳು ಜನ್ಮದಲ್ಲಿ ಎಂದೂ 'ಲೇ' ಅಂದವಳಲ್ಲ. ಆದರೂ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಮನಸ್ಸಿನಲ್ಲಿ ಬಹಳ ವರ್ಷ ತಾಲೀಮು ನಡೆದಿರಬೇಕು ಎಂದು ಜಗದೀಶನಿಗೆ ಆ ಸಂಕಟದಲ್ಲೂ ಅನ್ನಿಸಿತು. ಅವನು ಜೋಲಿಯಿಂದ ಇಳಿಯಲಿಲ್ಲ, ಉದುರಿದ.

ಯಮನಮ್ಮ ಪೊರಕೆ ಕೆಳಗಿಟ್ಟು ಮುಂದೆ ಬಂದಳು. "ತಾಯೀ, ಏನು ತಪ್ಪಾತು?"

"ಒಣಗಿಡದಾಗ ನಾ ಇರಂಗಿಲ್ಲ! ಹಸಿರು ಗಿಡಕ್ಕ ಹೊಂಟೀನಿ! ಈ ಗಿಡದ ಹಂತ್ಯಾಕ ಒಬ್ಬರೂ ನಿಂದರಬಾರ್ದು! ಇವ ಇಲ್ಲಿಂದ ಕಾಲುವಿ ತನಕ ದೀಡ ನಮಸ್ಕಾರ ಹಾಕ್ಲಿ. ಎಲ್ಲಾರೂ ಇವನ ಹಿಂದ ನಡೀರಿ! ನಡೀರಿ!"

ದೀಡ ನಮಸ್ಕಾರ ಎಂದರೆ ನೆಲಕ್ಕೆ ಉದ್ದಕ್ಕೆ ಬಿದ್ದು, ಕೈ ಚಾಚಿದಲ್ಲಿ ಗೆರೆ ಎಳೆದು, ಎದ್ದು, ಆ ಗೆರೆಯ ಮೇಲೆ ನಿಂತು ಮತ್ತೆ ಬೀಳುವುದು. ಜಗದೀಶ ಬಿದ್ದ, ಎದ್ದ, ಬಿದ್ದ. ಹತ್ತಿ ಕಟಿಗೆಯ ಮೋಟುಗಳ ಮೇಲೆ, ಕರಿಮಣ್ಣಿನ ಹೆಂಟೆಗಳ ಮೇಲೆ, ಹೊಸ ಟ್ರ್ಯಾಕ್ ಪ್ಯಾಂಟಿನಲ್ಲಿ. ಹಿಂದೆ ಇಡೀ ಸಭೆ ಉಧೋ ಎನ್ನುತ್ತ ಬರುತ್ತಿತ್ತು. ಎಲ್ಲರ ಹಿಂದೆ ಅನ್ನಪೂರ್ಣ ಕೂದಲು ಹರವಿಕೊಂಡು ಕುರಿ ಅಟ್ಟಿದಂತೆ ಅಟ್ಟುತ್ತಿದ್ದಳು. ತಿರುಗಿ ಮರ ನೋಡುತ್ತಿದ್ದ ಒಬ್ಬಳ ಬೆನ್ನಿಗೆ ಅಮ್ಮನ ಕೈಯಿಂದ ಒಂದು ಪೆಟ್ಟೂ ಬಿತ್ತು.

ಕಾಲುವೆ ಇನ್ನೂ ದೂರವಿತ್ತು. ಇಳಿಹೊತ್ತಿನ ಗಾಳಿ ಒಮ್ಮೆ ಬೀಸಿತು, ದೊಡ್ಡ ಗಾಳಿಯೂ ಅಲ್ಲ. ಹಿಂದೆ ಪಟಾಕಿ ಸರದಂತೆ ಸದ್ದಾಯಿತು. ಹಗ್ಗ ಬಿಗಿದಲ್ಲಿಗೆ ಸರಿಯಾಗಿ ಬೋಳು ಬೇವು ಮುರಿದು, ಹಸಿರು ಸೀರೆ, ನಿಂಬೆಹಣ್ಣು ಸಮೇತ, ಜೋಲಿಯ ಉದ್ದಕ್ಕೂ ಅಡ್ಡಾಗಿ ಮಲಗಿತು. ಧೂಳು ಇಳಿದಾಗ ನೋಡಿದರೆ ಜೋಲಿ ನೆಲದೊಳಗೆ ಹೂತುಹೋಗಿತ್ತು. ಹಗ್ಗ ಹರಿದಿರಲಿಲ್ಲ.

ಆಮೇಲೆ ಹಣಮಮ್ಮ ಸಹಿತ ಎಲ್ಲರೂ ಅನ್ನಪೂರ್ಣಳ ಕಾಲಿಗೆ ಬಿದ್ದರು. ಜಗದೀಶ ಮೊದಲೇ ಬಿದ್ದಿದ್ದ.

"ತಾಯೀ, ಮತ್ತೇನು ಅಪ್ಪಣಿ?" ಎಂದಳು ಯಮನಮ್ಮ.

ಇಷ್ಟಕ್ಕೆ ಅಮ್ಮನನ್ನು ಮೈಯಿಂದ ಇಳಿಸಿಕೊಂಡಿದ್ದರೆ ಆಗುತ್ತಿತ್ತು. ಆದರೆ ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಜನ ಎದುರಿಗೆ ಸಿಗುವುದು ಅಪರೂಪ. ಅನ್ನಪೂರ್ಣ ಒಂದು ಕ್ಷಣ ವಿಚಾರ ಮಾಡಿದಳು.

"ಅಮಾಸಿಗೊಮ್ಮಿ ಇವ ಬಂದು ಹಸಿರು ಗಿಡದ ಬುಡ ಕಸ ಹೊಡೀಬೇಕು. ತನ್ನ ಕೈಲೆ ಸಾರಸಬೇಕು. ನನ್ನ ಗಿಡಕ್ಕ ಇನ್ನ ಮ್ಯಾಲೆ ಯಾರೂ ತೊಟ್ಲ ಕಟ್ಟಬಾರದು, ಸಣ್ಣದೂ ಇಲ್ಲ, ದೊಡ್ಡದೂ ಇಲ್ಲ!"

ಕಾರು ಅರಕೇರಾ ದಾಟಿತು. ಜಗದೀಶ ಕೇಳಿದ: "ಅನ್ನಪೂರ್ಣಾ, ಖರೇವಂದ್ರೂ ಬಂದಿದ್ಲೇನು?"

"ಯಾರು?"

"ಅಮ್ಮ."

"ನೀವಽ ಕುಂದ್ರಿಸಿದಾಕಿ. ನನ್ನ ಕೇಳ್ತೀರಲ್ಲ!" ಅವಳು ತುರುಬು ಕಟ್ಟಿಕೊಳ್ಳುತ್ತಿದ್ದಳು. ಪಿನ್ನು ಎರಡು ಸಲ ಜಾರಿ ಬಿತ್ತು.

"ಹಂಗಂದ್ರ... ಆ ಅಮಾಸಿ ಕಸ ಹೊಡಿಯೂದು ಬಿಟ್ಟರ ನಡೀತದಲ್ಲ? ಅಮಾಸಿ ದಿನ ಅಂಗಡಿ ಪೂಜಿ ಇರ್ತದ."

"ಅದು ಅಮ್ಮ ಹೇಳಿದ್ದಪ್ಪಾ. ಅದರಾಗ ನಾ ಹೆಂಗ ಬಾಯಿ ಹಾಕಲಿ?"

ಈಗ ಪ್ರತಿ ಅಮಾವಾಸ್ಯೆಗೆ ಜಗದೀಶ ಅಂಗಡಿಯ ಪೂಜೆಯನ್ನು ಬೇರೆಯವರಿಗೆ ವಹಿಸಿ, ಅರಕೇರಾದಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲ ಸಾರಿಸುತ್ತಾನೆ. ಸರಿಯಾಗಿ ಬಳಿಯದ ಮೂಲೆಗಳನ್ನು ಯಮನಮ್ಮ ಪೊರಕೆಯ ತುದಿಯಿಂದ ತೋರಿಸುತ್ತಾಳೆ. ಇಂಥ ಭಕ್ತ ಅಳಿಯ ತಾಲೂಕಿನಲ್ಲೇ ಇಲ್ಲವೆಂದು ಹಣಮಮ್ಮ ಕಂಡವರಿಗೆಲ್ಲ ಹೇಳುತ್ತಾಳೆ. ಮನೆಯಲ್ಲಿ ಅನ್ನಪೂರ್ಣ ಆ ವಿಷಯ ಎತ್ತುವುದಿಲ್ಲ, ತಾಯಿಗೂ ಒಂದು ಮಾತು ಹೇಳಿಲ್ಲ. ಜೀವ ಉಳಿಸಿದವಳು ಅವಳು, ಹೆಸರು ಉಳಿಸಿದವಳೂ ಅವಳು. ಜಗದೀಶ ತನ್ನ ಹೆಂಡತಿಗೆ ಎರಡರ ಬಾಕಿಯನ್ನೂ ಕೊಡಬೇಕು.